ಮಗನಿಗೆ ತಿಪ್ಪೇಸ್ವಾಮಿ ಅಂತ ಇಡ್ಲಾ ಬೇಡ್ವಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನೀನು ಬರೆದಿದ್ದನ್ನ ಎರಡು ಸಲ ಓದಿದೆ. ಡಲ್ಲಾಸ್‌ಗೆ ಬಂದು ಎಂಟು ತಿಂಗಳು, ನಿನ್ ಹೆಂಡ್ತಿ, ನನಗೆ ತಂಗಿ ಇದ್ದಂಗೆ, ಅವ್ಳಿಗೆ ಈಗ ಏಳನೇ ತಿಂಗಳು, ಸ್ಕ್ಯಾನಿಂಗಲ್ಲಿ ಗಂಡು ಅಂದಿದಾರೆ, ಚಳ್ಳಕೆರೆಯಿಂದ ನಿಮ್ಮಪ್ಪ ತೀರಿಕೊಂಡ ಅಜ್ಜನ ಹೆಸ್ರು ತಿಪ್ಪೇಸ್ವಾಮಿ ಅಂತಾನೇ ಇಡು ಅಂತಿದಾರೆ, ಫ್ರೆಂಡ್ಸ್ ಎಲ್ಲ ಸ್ಕೂಲಲ್ಲಿ ಆಡ್ಕೊಂತಾರೆ ಬೇಡ ಅಂತಿದಾರೆ, ಏನ್ ಮಾಡ್ಲಿ ಅಂತ ಕೇಳಿದೀಯ. ಜೊತೆಗೆ ಬಾಡಿಗೆ, ಮಗು ಕೂರಿಸೋ ಕಾರ್ ಸೀಟು, ಇನ್ಶೂರೆನ್ಸು. ಬಾಡಿಗೆ ವಿಷ್ಯ ಅಲ್ಲಿಯವ್ರನ್ನೇ ಕೇಳು, ನಾನಿರೋದು ನ್ಯೂಜೆರ್ಸೀಲಿ. ಕಾರ್ ಸೀಟು ಹೆರಿಗೆಗೆ ಮುಂಚೇನೇ ತಂದು ಹಾಕಿಟ್ಕೋ. ಕಂಪನಿ ಇನ್ಶೂರೆನ್ಸಿಗೆ ಮಗು ಹೆಸ್ರನ್ನ 30 ದಿನದೊಳಗೆ ಸೇರಿಸ್ಬಿಡು, ಮರೀಬೇಡ. ಹೆಸರಿನ ವಿಷ್ಯ ಮಾತ್ರ ಸ್ವಲ್ಪ ಉದ್ದ ಬರೀತೀನಿ.

2006ರಲ್ಲಿ ನಾನು ಬಂದಾಗ ಪಾಸ್‌ಪೋರ್ಟಲ್ಲಿ ಇದ್ದಿದ್ದು ಒಂದೇ ಹೆಸ್ರು, ಸರ್‌ನೇಮ್ ಜಾಗ ಖಾಲಿ. ನಮ್ ಕಡೆ ಇನಿಷಿಯಲ್ ತಾನೇ, ಸರ್‌ನೇಮ್ ಎಲ್ಲಿಂದ ತರೋದು. ವೀಸಾದಲ್ಲಿ ಆ ಒಂದು ಹೆಸ್ರನ್ನೇ ಸರ್‌ನೇಮ್ ಮಾಡಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕಿದ್ರು, ಅಂದ್ರೆ ಫಸ್ಟ್ ನೇಮ್ ಅನ್‌ನೋನ್. ಅದೇ ಲೈಸೆನ್ಸಿಗೂ ಬಂತು ಬ್ಯಾಂಕಿಗೂ ಬಂತು. ಔಷಧಿ ಅಂಗಡೀಲಿ 'ಫನೂ, ಫನೂ' ಅಂತ ಕೂಗೋರು, ನಾನು ಎದ್ದು ಹೋಗಿ ಇಸ್ಕೊಂಡು ಬರ್ತಿದ್ದೆ. ಮೂರು ವರ್ಷ ಹಂಗೇ ಕಳೆದ್ಮೇಲೆ ಮನಸ್ಸಲ್ಲಿ ಒಂದೇ ಕೂತುಬಿಟ್ಟಿತ್ತು, ನನ್ ಮಗನಿಗೆ ಈ ಗತಿ ಬರಬಾರ್ದು ಅಂತ. ನಿನ್ ಪಾಸ್‌ಪೋರ್ಟಲ್ಲೂ ಸರ್‌ನೇಮ್ ಖಾಲಿ ಇದ್ರೆ ಮೊದ್ಲು ಅದನ್ನ ಸರಿ ಮಾಡಿಸ್ಕೋ, ಮಗೂಗೆ ಲಾಸ್ಟ್ ನೇಮ್ ಯಾವ್ದು ಅಂತ ಗಂಡ ಹೆಂಡ್ತಿ ಈಗ್ಲೇ ಕೂತು ಮಾತಾಡ್ಕೊಳ್ಳಿ.

2009ರಲ್ಲಿ ಮಗ ಹುಟ್ಟಿದ. ಊರಲ್ಲಾದ್ರೆ ತೊಟ್ಟಿಲಿಗೆ ಹಾಕೋವರೆಗೂ ಟೈಮ್ ಇರುತ್ತೆ, ಹೆಸ್ರಿಲ್ದೇ ಜನನ ನೋಂದಣಿ ಮಾಡ್ಸಿ ಆಮೇಲೆ ಸೇರ್ಸಬಹುದು, 12 ತಿಂಗಳವರೆಗೆ ಅದಕ್ಕೆ ಫೀಸೂ ಇಲ್ಲ. ಇಲ್ಲಿ ಎರಡನೇ ದಿನಕ್ಕೇ ಆಸ್ಪತ್ರೆಯವ್ರು ಫಾರ್ಮ್ ತಂದು ಕೈಗಿಟ್ಟರು, ಡಿಸ್ಚಾರ್ಜ್ ಆಗೋ ಮುಂಚೆ ತುಂಬಿ ಕೊಡಿ ಅಂತ. ಅದ್ರಲ್ಲೇ ಒಂದು ಟಿಕ್ ಹಾಕಿದ್ರೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದ್ರೆ ಇಲ್ಲಿ ಎಲ್ಲದಕ್ಕೂ ಕೇಳೋ ಸರ್ಕಾರಿ ನಂಬರ್ ಕೂಡ ಪೋಸ್ಟಲ್ಲಿ ಬರುತ್ತೆ, ಆ ಅನುಕೂಲ ಇದೆ. ಆದ್ರೆ ಅಲ್ಲಿ ಬರೆದ ಸ್ಪೆಲ್ಲಿಂಗೇ ಪಾಸ್‌ಪೋರ್ಟಿಗೂ, ಭಾರತಕ್ಕೆ ವೀಸಾ ಇಲ್ದೇ ಹೋಗಿ ಬರೋಕೆ ಕೊಡೋ ಓಸಿಐ ಕಾರ್ಡಿಗೂ ಹೋಗೋದು, ಆಮೇಲೆ ಬದಲಾಯಿಸ್ತೀನಿ ಅಂದ್ರೆ ದೊಡ್ಡ ಓಡಾಟ.

ಅಪ್ಪ ಫೋನಲ್ಲಿ ಒಂದೇ ಮಾತು ಹೇಳಿದ್ರು, 'ನಮ್ಮಪ್ಪ ವಾಪಸ್ ಬಂದಾನೆ ಕಣೋ, ಹಾಲಪ್ಪ ಅಂತ ಕರಿ.' ನಾನು ಹೂಂ ಅಂದೆ. ಹೂಂ ಅಂದು ಫಾರ್ಮಲ್ಲಿ ಇಲ್ಲಿಯವ್ರ ಬಾಯಿಗೆ ಸಲೀಸಾಗೋ ಎರಡಕ್ಷರದ ಹೆಸ್ರು ಬರೆದೆ. ಮೂರು ದಿನ ಬಿಟ್ಟು ಹೇಳ್ದಾಗ ಅಪ್ಪ 'ಚೊಲೋ ಐತೆ, ಸಣ್ಣ ಹೆಸ್ರು' ಅಂದು ಫೋನ್ ಅಮ್ಮನ ಕೈಗೆ ಕೊಟ್ಟರು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಆಮೇಲೆ ನಮ್ಮ ಟೀಮಿಗೆ ಬಂದ ಮ್ಯಾನೇಜರ್ ಹೆಸ್ರು ಹಾಲ್, ಅಪ್ಪಟ ಅಮೆರಿಕದವ್ರು. ಅವತ್ತು ಊಟ ಸೇರಲಿಲ್ಲ ನನಗೆ.

2015ರಲ್ಲಿ ಅಪ್ಪ ಹೋದ್ರು. ತಿಥಿ ಮುಗಿಸಿ ಬೀರು ಖಾಲಿ ಮಾಡುವಾಗ ಒಂದು ಹಳೇ ಪಂಚೇಲಿ ಸುತ್ತಿಟ್ಟ ಸಣ್ಣ ಬೆಳ್ಳಿ ಲೋಟ ಸಿಕ್ತು, ಪಾತ್ರೆ ಅಂಗಡೀಲಿ ಚುಕ್ಕಿ ಚುಕ್ಕಿಯಾಗಿ ಹೆಸ್ರು ಕೊರೀತಾರಲ್ಲ ಹಂಗೆ ಕೊರೆಸಿದ್ರು, 'ಚಿ. ಹಾಲಪ್ಪ', ಕೆಳಗೆ ನನ್ನ ಮಗ ಹುಟ್ಟಿದ ತಾರೀಕು. ನಾನು ಹೂಂ ಅಂದ ದಿನಾನೇ ಪೇಟೆಗೆ ಹೋಗಿ ಮಾಡಿಸ್ಕೊಂಡು ಬಂದಿದ್ರಂತೆ, ಅಮ್ಮ ಹೇಳಿದ್ಲು. ಆ ಲೋಟ ಈಗ ಇಲ್ಲಿ ನಮ್ಮನೆ ದೇವರ ಗೂಡಲ್ಲಿದೆ. ಮಗನಿಗೆ ಕನ್ನಡ ಓದೋಕೆ ಬರಲ್ಲ, ಆ ಚುಕ್ಕಿಗಳು ಯಾವ್ದೋ ಡಿಸೈನು ಅಂತ ಎಷ್ಟೋ ವರ್ಷ ಅಂದ್ಕೊಂಡಿದ್ದ.

ಆಡ್ಕೊಳೋದಿಲ್ಲ ಅಂತ ನಾನು ಹೇಳಲ್ಲ. ಟಿಪ್ಪಿ ಅಂತಾರೆ, ಇನ್ನೇನೋ ಅಂತಾರೆ. ಸುಲಭದ ಹೆಸರಿಟ್ಟ ನನ್ನ ಮಗನನ್ನೂ ಮೂರನೇ ಕ್ಲಾಸಲ್ಲಿ ಚಿತ್ರಾನ್ನದ ಡಬ್ಬಿ ನೋಡಿ ಆಡ್ಕೊಂಡ್ರು, ಅದಕ್ಕೆ ಹೆಸ್ರು ಅಡ್ಡ ಬರಲಿಲ್ಲ. ತಿಪ್ಪೆ ಅಂತ ನಗೋರು ನಮ್ಮವ್ರೇ, ಅದೂ ಬೆಂಗಳೂರಿಂದ ಬಂದವ್ರು. ಅವ್ರಿಗೇನು ಗೊತ್ತು, ಹುಟ್ಟಿದ ಮಕ್ಕಳು ಉಳೀದೇ ಇದ್ದ ಕಾಲದಲ್ಲಿ ಕೂಸನ್ನ ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡು ಬಂದು, ಕೆಟ್ಟ ಕಣ್ಣು ಬೀಳದೇ ಇರ್ಲಿ ಅಂತ ತಿಪ್ಪ, ಗುಂಡ, ಕಲ್ಲ ಅಂತ ಇಡ್ತಿದ್ರು, ಒಂದೊಂದು ಹೆಸರಿನ ಹಿಂದೆ ಒಬ್ಬ ತಾಯಿ ಹರಕೆ ಇದೆ. ನಿಮ್ ಕಡೆಗಂತೂ ಅದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೆಸ್ರು, ಕೆರೆ ಕಟ್ಟಿಸಿದ, 'ಮಾಡಿದಷ್ಟು ನೀಡು ಭಿಕ್ಷೆ' ಅಂದ ಪುಣ್ಯಾತ್ಮನದ್ದು. ಜಾತ್ರೇಲಿ ಕೊಬ್ಬರಿ ಸುಡೋ ವಾಸನೆ ನಿನಗೆ ನಾನು ಹೇಳಿಕೊಡಬೇಕಾ.

ಬೇಕಿದ್ರೆ ಮಿಡಲ್ ನೇಮ್ ಮಾಡ್ಬಹುದು, ಇಲ್ಲಿ ಸರ್ಜನ್ ಜನರಲ್, ಅಂದ್ರೆ ಸರ್ಕಾರದ ದೊಡ್ಡ ಡಾಕ್ಟ್ರು ಆಗಿದ್ದ ವಿವೇಕ್ ಹಲ್ಲೆಗೆರೆ ಮೂರ್ತಿ ನೋಡು, ಮಂಡ್ಯ ಜಿಲ್ಲೆಯ ಊರು ಹೆಸರಿನ ಮಧ್ಯೆ ಕೂತಿದೆ. ಆದ್ರೆ ಮಿಡಲ್ ನೇಮ್ ಬಹಳ ಕಡೆ ಒಂದೇ ಅಕ್ಷರ ಆಗೋಗುತ್ತೆ, ನನ್ನ ಕೇಳಿದ್ರೆ ಮೊದಲ ಹೆಸರಾಗೇ ಇಡು. ತಂಗಿಗೂ ಮನಸ್ಸಿದ್ರೆ ಮಾತ್ರ, ಹೊತ್ತವಳು ಅವಳು. ಸ್ಪೆಲ್ಲಿಂಗಲ್ಲಿ ಟಿ ಆದ್ಮೇಲೆ ಎಚ್ ಹಾಕ್ಬೇಕಾ ಅಂತ ಈಗ್ಲೇ ತೀರ್ಮಾನ ಮಾಡಿ ಒಂದು ಚೀಟೀಲಿ ಬರೆದು ಆಸ್ಪತ್ರೆ ಬ್ಯಾಗಲ್ಲಿ ಇಟ್ಕೊಳ್ಳಿ, ನಿದ್ದೆಗೆಟ್ಟ ಹೊತ್ತಲ್ಲಿ ಯೋಚನೆ ಮಾಡೋಕೆ ಆಗಲ್ಲ.

ಏನೇ ಬರೀ, ಫಾರ್ಮ್ ವಾಪಸ್ ಕೊಡೋ ಮುಂಚೆ ಅಪ್ಪಂಗೆ ಫೋನ್ ಮಾಡಿ ಆ ಹೆಸ್ರನ್ನ ಬಾಯಿಬಿಟ್ಟು ಹೇಳು. ನಿನಗೆ ರಾತ್ರಿ ಎಂಟಾದಾಗ ಅವ್ರಿಗೆ ಬೆಳಗ್ಗೆ, ಆಗ್ಲೇ ಮಾಡು.