ಜಾತಿ ಕಾಲಂ ಬಿಟ್ಟುಬಿಡುತ್ತೇನೆ ಎಂದ ಹುಡುಗ

ಸರ್ಕಾರಿ ನೇಮಕಾತಿ ಅಧಿಸೂಚನೆ ಹೊರಟಾಗಲೆಲ್ಲ ನನ್ನ ಬಳಿ ಆಪ್ತಸಲಹೆಗೆ ಇಂಥವರೊಬ್ಬರು ಬರುತ್ತಾರೆ. ಈ ಸಲ ಬಂದವನು ಇಂಡಿ ತಾಲ್ಲೂಕಿನವನು, ಪರಿಶಿಷ್ಟ ಜಾತಿ, ವಯಸ್ಸು 24. ವಿಜಯಪುರದಲ್ಲಿ ರೂಮು ಮಾಡಿಕೊಂಡು ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಓದುತ್ತಿದ್ದ. "ನಿನಗೇನಪಾ, ಕೋಟಾ ಐತಿ" ಎಂದು ರೂಮಿನವರು ದಿನಾ ಅನ್ನುತ್ತಿದ್ದರು. ಊಟ ಬೇರೆಯಾಗಿತ್ತು, ನಿದ್ದೆ ಕೆಟ್ಟಿತ್ತು.

ಎರಡನೆಯ ಭೇಟಿಯಲ್ಲಿ ಅಂದ: "ಎಸ್‌ಸಿ ಅಂತ ಹಾಕೂದಿಲ್ರಿ. ಜಿಎಂನಾಗ ಹಾಕ್ತೀನಿ. ಅವರ ಸೀಟಿನ್ಯಾಗ ಗೆದ್ದು ತೋರಸ್ತೀನಿ."

ಆ ಗಂಟೆಯೆಲ್ಲ 'ಅವರ ಸೀಟು' ಎಂಬ ಮಾತಿಗೇ ಹೋಯಿತು. ಹಳೆಯ ಆಯ್ಕೆ ಪಟ್ಟಿಯೊಂದನ್ನು ಇಬ್ಬರೂ ಕೂಡಿ ಓದಿದೆವು. ಸಾಮಾನ್ಯ ಅರ್ಹತೆಯಲ್ಲಿ, ಅಂದರೆ ಅವನು ಹೇಳಿದ ಜಿಎಂನಲ್ಲಿ, ಆಯ್ಕೆಯಾದವರ ಹೆಸರಿನ ಮುಂದೆ 2ಎ, 3ಬಿ (ಹಿಂದುಳಿದ ವರ್ಗಗಳ ಗುಂಪುಗಳು), ಎಸ್‌ಸಿ ಎಂದೂ ಇತ್ತು. ಬೆರಳಿಟ್ಟು ಎಣಿಸಿದ. ಸಾಮಾನ್ಯ ಅರ್ಹತೆ ಯಾವ ಜಾತಿಯ ಪಾಲೂ ಅಲ್ಲ, ಅಂಕದ ಮೇಲೆ ಎಲ್ಲರಿಗೂ ತೆರೆದದ್ದು. ಸ್ವಂತ ಅಂಕದಿಂದ ಅಲ್ಲಿ ಬಂದವನನ್ನು ಮೀಸಲು ಹುದ್ದೆಯ ಲೆಕ್ಕಕ್ಕೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹ್ನಿ ತೀರ್ಪು ಹೇಳಿದೆ. (ವಯೋಮಿತಿ ಸಡಿಲಿಕೆ ಪಡೆದವರ ವಿಷಯ ಬೇರೆ, ಆಯಾ ನೇಮಕಾತಿಯ ನಿಯಮ ನೋಡಬೇಕು.) ಅರ್ಜಿಯಲ್ಲಿ ತನ್ನ ಪ್ರವರ್ಗ (ಮೀಸಲಾತಿಯ ಗುಂಪು) ಬರೆದವನಿಗೆ ಸಾಮಾನ್ಯ, ಮೀಸಲು ಎರಡೂ ಬಾಗಿಲು ತೆರೆದಿರುತ್ತವೆ, ಬಿಟ್ಟವನಿಗೆ ಒಂದೇ. ಕೊನೆಯ ದಿನಾಂಕ ದಾಟಿದ ಮೇಲೆ ತಿದ್ದಲು ಅವಕಾಶ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

"ಹಂಗಾರ ಜಿಎಂನಾಗ ಬಂದ್ರ ಅಷ್ಟ ಮರ್ಯಾದಿ, ಹೌದಲ್ರಿ?"

ಹೌದು ಎಂದಿದ್ದರೆ ಅವನ ನಾಚಿಕೆಯನ್ನು ನಾನೇ ಗಟ್ಟಿ ಮಾಡಿದಂತಾಗುತ್ತಿತ್ತು. ಸಂವಿಧಾನದ 16(4)ನೇ ವಿಧಿ ಹೇಳುವುದು ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ಸಿಗದವರ ಮಾತು. ಅದು ದಾನವಲ್ಲ. ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ 150ಕ್ಕೆ 50 ಅಂಕ ಅವನೂ ತೆಗೆಯಬೇಕು, ರೂಮಿನವರೂ ತೆಗೆಯಬೇಕು. ಅವರಲ್ಲಿ ಇಬ್ಬರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರೇ. ಅದನ್ನು ಯಾರೂ ಕೋಟಾ ಎಂದು ಹಂಗಿಸುವುದಿಲ್ಲ. ಇದನ್ನು ಕೇಳಿ ಅವನು ಬಹಳ ಹೊತ್ತು ಸುಮ್ಮನೆ ಕೂತ.

ಆಪ್ತಸಲಹೆಗೆ ಬಂದವನಿಗೆ ಕಾನೂನು ಯಾಕೆ ಹೇಳಬೇಕು ಎನ್ನುವವರಿದ್ದಾರೆ. ಅವನ ಸಂಕಟ ನಿಂತದ್ದೇ ತಪ್ಪು ತಿಳಿವಳಿಕೆಯ ಮೇಲೆ. ಅದನ್ನು ಹಾಗೇ ಬಿಟ್ಟು ಉಸಿರಾಟದ ಅಭ್ಯಾಸ ಕಲಿಸಿ ಕಳಿಸುವುದು ನನ್ನಿಂದಾಗದು. ಗೆದ್ದು ತೋರಿಸು ಎಂದು ಹುರಿದುಂಬಿಸುವ ಕೋಚಿಂಗ್‌ನವರ ಮಾತನ್ನೂ ನಾನು ಒಪ್ಪುವುದಿಲ್ಲ. ಸೋತರೆ ವರ್ಷ ಹೋಗುವುದು ಹುಡುಗನದು.

ಅದೇ ರೂಮಿನಲ್ಲಿ ಹೊಂದಿಕೊಂಡು ಇರು ಎನ್ನಲಿಲ್ಲ. ರೂಮು ಬದಲಿಸುವವರೆಗೆ ಹಗಲಿನ ಓದು ಗ್ರಂಥಾಲಯದಲ್ಲಿ, ರೂಮಿನವರ ಜೊತೆ ವಾದ ಬೇಡ ಎಂದೆ. ಉಳಿದದ್ದು ಕಾಗದಪತ್ರ. ತಹಶೀಲ್ದಾರರು ಕೊಡುವ ನಮೂನೆ-ಡಿ ಜಾತಿ ಪ್ರಮಾಣಪತ್ರ, ಅದರ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿನ ಗುರುತಿನ ಸಂಖ್ಯೆ). ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆಯೇ ಹೆಸರಿನ ಅಕ್ಷರಗಳು ಇರಬೇಕು. ದಾಖಲೆ ಪರಿಶೀಲನೆಯಲ್ಲಿ ಹಲವರು ಎಡವುವುದು ಇಲ್ಲೇ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪತ್ರ: ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ.

ಮೇಲುಸಹಿ ಇನ್ನೂ ಆಗಿರಲಿಲ್ಲ. ಅವತ್ತೇ ಮಧ್ಯಾಹ್ನದ ಇಂಡಿ ಬಸ್ಸು ಹಿಡಿದ.