ಕೆಲಸ ಹಂಚಿದರೂ ಹೊಣೆ ಹಂಚದ ಮನೆ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಅವರಿಗೆ 46 ವರ್ಷ. ಪ್ರಯೋಗಾಲಯದಲ್ಲಿ ಸಂಶೋಧಕಿಯಾಗಿ ವೃತ್ತಿ ಆರಂಭಿಸಿ, ಎಂಟು ವರ್ಷ ಅಧ್ಯಾಪಕಿಯಾಗಿ ದುಡಿದು, ಈಗ ನೂರಕ್ಕೂ ಹೆಚ್ಚು ಸಿಬ್ಬಂದಿಯಿರುವ ವಿಭಾಗವೊಂದರ ಮುಖ್ಯಸ್ಥೆಯಾಗಿದ್ದರು. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲವೆಂಬುದು ಅವರ ಅಳಲು. ಅದನ್ನು ಹೇಳಿದ ಬೆನ್ನಿಗೇ, “ನನ್ನ ಗಂಡ ಮನೆಯ ಎಲ್ಲ ಕೆಲಸವನ್ನೂ ಮಾಡುತ್ತಾರೆ, ನಾನು ದೂರುವಂತಿಲ್ಲ” ಎಂದರು. ಒಂದೇ ಭೇಟಿಯಲ್ಲಿ ಈ ಮಾತು ಮೂರು ಬಾರಿ ಬಂದದ್ದನ್ನು ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ.

ಮೊದಲು ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ. ಈ ವಯಸ್ಸಿನಲ್ಲಿ ನಿದ್ರಾಭಂಗಕ್ಕೂ ಆಯಾಸಕ್ಕೂ ಋತುಬಂಧಕ್ಕೆ ಮುಂಚಿನ ಹಾರ್ಮೋನುಗಳ ಏರುಪೇರು, ಥೈರಾಯ್ಡ್ ದೋಷ ಅಥವಾ ರಕ್ತಹೀನತೆ ಕಾರಣವಾಗಿರಬಹುದು. ಅದನ್ನು ಪರೀಕ್ಷಿಸದೆ ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಅವರಲ್ಲಿ ಹಿಮೋಗ್ಲೋಬಿನ್ ಕಡಿಮೆಯಿತ್ತು, ಚಿಕಿತ್ಸೆ ಶುರುವಾಯಿತು.

“ಇದು ಬರ್ನ್‌ಔಟ್ ಅಲ್ಲವೇ? ರಾಜೀನಾಮೆ ಕೊಟ್ಟುಬಿಡಲೇ?” ಎಂದು ಎರಡನೆಯ ಭೇಟಿಯಲ್ಲಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್ (ಕೆಲಸದ ದೀರ್ಘ ಒತ್ತಡದಿಂದ ಬರುವ ಬಸವಳಿಕೆ) ಎಂಬ ಪದವನ್ನು ಉದ್ಯೋಗಕ್ಕಷ್ಟೇ ಸೀಮಿತಗೊಳಿಸಿದೆ. ತೀವ್ರ ಬಳಲಿಕೆ, ಕೆಲಸದ ಬಗ್ಗೆ ಮೂಡುವ ದೂರಭಾವ ಅಥವಾ ಸಿನಿಕತನ, ಕುಗ್ಗಿದ ಕಾರ್ಯಸಾಮರ್ಥ್ಯ ಎಂಬ ಮೂರು ಲಕ್ಷಣಗಳನ್ನು ಅಲ್ಲಿ ಹೇಳಲಾಗಿದೆ. ಇವರಲ್ಲಿ ಬಳಲಿಕೆ ಇತ್ತೇ ಹೊರತು, ಕಚೇರಿಯ ಕೆಲಸದ ಬಗ್ಗೆ ಮಾತನಾಡುವಾಗ ಅವರ ಮುಖ ಅರಳುತ್ತಿತ್ತು. ನಿದ್ದೆಗೆಟ್ಟ ಮನಸ್ಸಿನಿಂದ ರಾಜೀನಾಮೆಯಂಥ ತೀರ್ಮಾನ ಬೇಡ, ಮೂರು ತಿಂಗಳು ಅದನ್ನು ಬದಿಗಿಡಿ ಎಂದು ಸಲಹೆ ಕೊಟ್ಟೆ. ಜೊತೆಗೆ, ಮಾಡಿದ ಕೆಲಸಗಳನ್ನಲ್ಲ, ಮನಸ್ಸಿನಲ್ಲಿ ಹಾದುಹೋದ ಮನೆಯ ಸಂಗತಿಗಳನ್ನು ಒಂದು ವಾರ ಬರೆದಿಡಲು ಹೇಳಿದೆ.

ಆ ಪಟ್ಟಿ ಒಂಬತ್ತು ಪುಟ ತುಂಬಿತ್ತು. ಆಯವ್ಯಯದ ಸಭೆಯೊಂದರ ನಡುವೆಯೇ ಮಗಳ ಪರೀಕ್ಷಾ ಅರ್ಜಿಯ ಕೊನೆಯ ದಿನ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಮಾವನವರ ಮಾತ್ರೆ ಮುಗಿಯುವ ದಿನ, ಅವರ ಫಿಸಿಯೋಥೆರಪಿಯ ಸಮಯ ಮೂರೂ ನೆನಪಾಗಿದ್ದವು. ಮಾತ್ರೆ ತಂದವರು ಪತಿ ಎಂಬುದು ನಿಜ. ಅದು ಮುಗಿಯುತ್ತಿದೆಯೆಂದು ಗಮನಿಸಿ, ಹೇಳಿ, ಬಂತೇ ಎಂದು ವಿಚಾರಿಸಿದವರು ಇವರು. ಸಮಾಜಶಾಸ್ತ್ರಜ್ಞೆ ಅಲಿಸನ್ ಡ್ಯಾಮಿಂಜರ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯ ಚಿಂತನೆಯ ದುಡಿಮೆಯನ್ನು ನಾಲ್ಕಾಗಿ ಬಿಡಿಸಿದ್ದಾರೆ: ಅಗತ್ಯವನ್ನು ಮುಂಗಾಣುವುದು, ದಾರಿಗಳನ್ನು ಹುಡುಕುವುದು, ನಿರ್ಧರಿಸುವುದು, ಆಯಿತೇ ಎಂದು ನೋಡಿಕೊಳ್ಳುವುದು. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ವಿಶೇಷವಾಗಿ ಹೆಂಗಸರ ಪಾಲಿಗೇ ಉಳಿಯುತ್ತವೆ ಎಂದು ಅವರು ಕಂಡುಕೊಂಡರು. ನನ್ನ ಮುಂದಿದ್ದ ಒಂಬತ್ತು ಪುಟಗಳಲ್ಲೂ ಹೆಚ್ಚಾಗಿ ಇದ್ದದ್ದು ಅವೆರಡೇ.

ಮೂರನೆಯ ಭೇಟಿಗೆ ಪತಿಯೂ ಬಂದರು. “ನಾನು ಮಾಡಿದ್ದನ್ನೆಲ್ಲ ನೀನು ಮತ್ತೊಮ್ಮೆ ಪರೀಕ್ಷಿಸುತ್ತೀಯ, ಹಾಗಾಗಿ ಕೇಳಿಕೊಂಡೇ ಮಾಡುವುದು ನನಗೆ ರೂಢಿಯಾಯಿತು” ಎಂದು ಅವರು ಹೆಂಡತಿಗೆ ಮೆಲ್ಲಗೆ ಹೇಳಿದರು. ಕಚೇರಿಯಲ್ಲಿ ಬೇಕಾದ ನಡವಳಿಕೆ ಮನೆಯಲ್ಲಿ ತೊಡಕಾಗುವುದನ್ನು ಸಂಶೋಧಕರಾದ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ 1985ರಲ್ಲೇ ಉದ್ಯೋಗ ಮತ್ತು ಕುಟುಂಬದ ಘರ್ಷಣೆಯ ಒಂದು ಬಗೆಯೆಂದು ಗುರುತಿಸಿದ್ದರು. ಆದರೆ ಇಲ್ಲಿ ಹೆಂಡತಿಯ ಸ್ವಭಾವವನ್ನೇ ಕಾರಣವಾಗಿಸಿ ಕೈತೊಳೆದುಕೊಳ್ಳುವುದು ಅನ್ಯಾಯವೆಂದು ನನಗೆ ಅನ್ನಿಸಿತು. ಅರ್ಜಿ ತಪ್ಪಿದರೆ ಶಾಲೆಯವರು ಕರೆ ಮಾಡುವುದು ತಾಯಿಗೆ. ಮಾವನವರ ಆರೈಕೆಯಲ್ಲಿ ಲೋಪವಾದರೆ ಬಂಧುಗಳು ಬೆರಳು ತೋರಿಸುವುದು ಸೊಸೆಗೆ. ಉತ್ತರ ಹೇಳಬೇಕಾದವರು ಪರೀಕ್ಷಿಸದೆ ಇರುವುದು ಹೇಗೆ?

ಕಚೇರಿಯಲ್ಲಿ ನಿಮ್ಮ ಉಪಮುಖ್ಯಸ್ಥರಿಗೆ ಕೆಲಸ ಒಪ್ಪಿಸುವಾಗ ಏನು ಮಾಡುತ್ತೀರಿ ಎಂದು ಅವರನ್ನು ಕೇಳಿದೆ. “ಅಧಿಕಾರವನ್ನೂ ಕೊಡುತ್ತೇನೆ. ಕೇಳುವವರು ಅವರನ್ನೇ ಕೇಳಲಿ ಎಂದು ಎಲ್ಲರಿಗೂ ತಿಳಿಸುತ್ತೇನೆ” ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಾದರು.

ಅದೇ ಮಾತಿನ ಮೇಲೆ ನನ್ನ ಸಲಹೆ ನಿಂತಿತು. ಬಿಡಿ ಕೆಲಸಗಳನ್ನು ಹಂಚುವ ಬದಲು ಇಡೀ ವಿಷಯಗಳನ್ನೇ ಹಂಚಿಕೊಳ್ಳಬೇಕು. ಮಾವನವರ ಚಿಕಿತ್ಸೆ ಮತ್ತು ಮಗಳ ಶಾಲೆ, ಗಮನಿಸುವುದರಿಂದ ಹಿಡಿದು ಮುಗಿಸುವವರೆಗೆ, ಪತಿಯವು. ಆಸ್ಪತ್ರೆಯಲ್ಲೂ ಶಾಲೆಯಲ್ಲೂ ಮೊದಲು ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆ ಪತಿಯದಾಗಬೇಕು. ಬಂಧುಗಳಿಗೂ ಅವರೇ ಇದನ್ನು ತಿಳಿಸಬೇಕು. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಇಬ್ಬರೂ ಕುಳಿತು ಮಾತನಾಡಬೇಕು, ಉಳಿದ ದಿನಗಳಲ್ಲಿ ಆಕೆ ವಿಚಾರಿಸಬಾರದು. ಜೀವಕ್ಕೆ ಅಪಾಯವಾಗಬಹುದಾದ ಸಂಗತಿ, ಉದಾಹರಣೆಗೆ ಮಾತ್ರೆ ತಪ್ಪುವುದು, ಈ ಒಪ್ಪಂದದ ಹೊರಗೆ. ಕಂಡವರು ಕೂಡಲೇ ಹೇಳಬೇಕು.

ನಾಲ್ಕನೆಯ ವಾರ ಫಿಸಿಯೋಥೆರಪಿಯ ಒಂದು ದಿನ ತಪ್ಪಿತು. ಆಕೆಗೆ ಹಿಂದಿನ ಸಂಜೆಯೇ ಅದು ನೆನಪಾಗಿತ್ತು, ಹೇಳಿರಲಿಲ್ಲ. “ಗೊತ್ತಿದ್ದೂ ಸುಮ್ಮನಿದ್ದೆ, ನಾನು ಕಠಿಣಳಾದೆನೇ?” ಎಂದು ನನ್ನೆದುರು ಅತ್ತರು. ಆ ದಿನವನ್ನು ಎರಡು ದಿನದೊಳಗೆ ಮತ್ತೆ ಗೊತ್ತುಮಾಡಿಕೊಂಡವರು ಯಾರೆಂದು ಕೇಳಿದೆ. ಪತಿಯೇ ಮಾಡಿಕೊಂಡಿದ್ದರು, ಯಾರೂ ಹೇಳದೆ.

ಈಗ ಆಕೆ ವಾರದಲ್ಲಿ ಐದು ರಾತ್ರಿ ಚೆನ್ನಾಗಿ ನಿದ್ರಿಸುತ್ತಾರೆ. ರಾಜೀನಾಮೆಯ ಮಾತು ಮತ್ತೆ ಬಂದಿಲ್ಲ. ಮುಂದಿನ ಭೇಟಿಗೆ ಪತಿ ಒಬ್ಬರೇ ಸಮಯ ಕೇಳಿದ್ದಾರೆ: ತಂದೆಯವರ ತಪಾಸಣೆಯ ದಿನಾಂಕ ನೆನಪಾಗಿ ಅವರಿಗೆ ರಾತ್ರಿ ಎಚ್ಚರವಾಗುತ್ತಿದೆಯಂತೆ. ಅಲ್ಲಿಯವರೆಗೆ, ಮಲಗುವ ಮುನ್ನ ಮರುದಿನದ ಸಂಗತಿಗಳನ್ನು ಬರೆದಿಟ್ಟು ಆ ಹಾಳೆಯನ್ನು ಇಬ್ಬರಿಗೂ ಕಾಣುವ ಜಾಗದಲ್ಲಿ ಇಡಿ ಎಂದು ಅವರಿಗೆ ಹೇಳಿದ್ದೇನೆ.