ಬಂದೂಕಿಲ್ಲದ ಯುದ್ಧಕವಿತೆ

ಪ್ರಿಯರೇ,

ಐರಿಷ್ ಸೈನಿಕ ಕವಿ ಫ್ರಾನ್ಸಿಸ್ ಲೆಡ್ವಿಜ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಕವಿಯ ಮೇಲೆ ನಿಮಗಿರುವ ಪ್ರೀತಿ ನಿಜವಾದದ್ದು, ಹಾಗಾಗಿ ಕಾರಣ ಬಿಡಿಸಿ ಹೇಳುತ್ತೇನೆ.

ಅರ್ಧ ಲೇಖನ ಬರೀ ಜೀವನಚರಿತ್ರೆ. 1887ರಲ್ಲಿ ಐರ್ಲೆಂಡಿನ ಸ್ಲೇನ್‌ನಲ್ಲಿ ಹುಟ್ಟಿದ್ದು, ತಾಮ್ರದ ಗಣಿ, ರಸ್ತೆ ಕೂಲಿ, ಸಾಹಿತಿ ಲಾರ್ಡ್ ಡನ್ಸೇನಿಯ ಆಸರೆ: ಇಷ್ಟಕ್ಕೆ ಒಂದು ಪ್ಯಾರಾ ಸಾಕಿತ್ತು. ಕೊನೆಗೆ ‘ಯುದ್ಧದ ಭೀಕರತೆ ಮರೆಯಲು ಕವಿ ಪ್ರಕೃತಿಯ ಮಡಿಲು ಸೇರಿದ’ ಎಂದು ತೀರ್ಪು ಕೊಟ್ಟಿದ್ದೀರಿ. ನೀವೇ ಮೆಚ್ಚಿದ ಕವಿತೆ ಈ ಮಾತನ್ನು ಒಪ್ಪುವುದಿಲ್ಲ.

ಥಾಮಸ್ ಮ್ಯಾಕ್‌ಡೊನಾ ಕುರಿತು ಲೆಡ್ವಿಜ್ ಬರೆದ ಶೋಕಗೀತೆಯನ್ನೇ ನೋಡಿ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರ್ಲೆಂಡಿನಲ್ಲಿ ನಡೆದ ಈಸ್ಟರ್ ಬಂಡಾಯದ ಮುಂದಾಳುಗಳಲ್ಲಿ ಒಬ್ಬನೂ ಕವಿಯೂ ಆದ ಮ್ಯಾಕ್‌ಡೊನಾನನ್ನು 1916ರ ಮೇ 3ರಂದು ಡಬ್ಲಿನ್‌ನಲ್ಲಿ ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದಿತು. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೋಲಿಯಲ್ಲಿ ಹೋರಾಡಿ ಬಂದ ಲೆಡ್ವಿಜ್ ತೊಟ್ಟಿದ್ದೂ ಅದೇ ಸೇನೆಯ ಸಮವಸ್ತ್ರ. ಗೆಳೆಯನಿಗಾಗಿ ಬರೆದ ಹನ್ನೆರಡು ಸಾಲುಗಳಲ್ಲಿ ಬಂದೂಕಿಲ್ಲ, ಬಂಡಾಯದ ಸುದ್ದಿಯಿಲ್ಲ. ಇರುವುದು ಬಿಟರ್ನ್ ಎಂಬ ಜೌಗುಹಕ್ಕಿಯ ಕೂಗು, ಮಳೆ, ಮಾರ್ಚ್ ತಿಂಗಳ ಹಿಮ, ಡ್ಯಾಫೊಡಿಲ್ ಹೂ, ಕಳೆ ತುಂಬಿದ ಬಡ ಹುಲ್ಲುಗಾವಲು ಬಿಟ್ಟು ಹೋಗುವ ಒಂದು ಕಪ್ಪು ಹಸು.

ಇದನ್ನು ನೀವು ‘ಸುಂದರ ನಿಸರ್ಗ ವರ್ಣನೆ’ ಎಂದು ಹೇಳಿ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಬಾಯಾರಿ ಸತ್ತ ಬಿಟರ್ನ್‌ಗಾಗಿ ಮರುಗುವ ಹಳೆಯ ಐರಿಷ್ ಕವಿತೆಯೊಂದನ್ನು ಇಂಗ್ಲಿಷಿಗೆ ತಂದವನು ಮ್ಯಾಕ್‌ಡೊನಾ. ಆ ಹಕ್ಕಿಯ ಕೂಗು ಇನ್ನು ಅವನಿಗೆ ಕೇಳಿಸದು ಎಂದೇ ಲೆಡ್ವಿಜ್ ಶುರುಮಾಡುತ್ತಾನೆ. ಕಪ್ಪು ಹಸುವೋ, ಐರ್ಲೆಂಡನ್ನು ನೇರವಾಗಿ ಹೆಸರಿಸದೆ ಹಾಡಲು ಅಲ್ಲಿನ ಕವಿಗಳು ಬಹುಕಾಲ ಬಳಸಿದ ರೂಪಕ. ಕೊಂದವರ ಸಮವಸ್ತ್ರದಲ್ಲಿದ್ದುಕೊಂಡೇ ಸತ್ತವನಿಗಾಗಿ ಅಳಬೇಕಾದ ಸಂಕಟ ಹಕ್ಕಿ, ಹಸು, ಹೂವಿನೊಳಗೆ ತುಂಬಿಕೊಂಡಿದೆ. ಇದನ್ನು ಪಲಾಯನ ಎನ್ನಲು ನನಗೆ ಮನಸ್ಸು ಬಾರದು.

ಲೆಡ್ವಿಜ್‌ನ ಸಾವಿನ ಭಾಗದಲ್ಲಿ ‘ಅರಳುವ ಮುನ್ನವೇ ಬಾಡಿದ ಹೂ’ ತೆಗೆದುಬಿಡಿ. ಊರಲ್ಲಿ ರಸ್ತೆ ಕೂಲಿ ಮಾಡಿದವನು 1917ರ ಜುಲೈ 31ರಂದು ಬೆಲ್ಜಿಯಂನ ಈಪರ್ ಬಳಿ ಸೇನೆಗಾಗಿ ರಸ್ತೆ ಹಾಕುವ ಕೆಲಸದಲ್ಲಿದ್ದಾಗ ಶೆಲ್ ಸಿಡಿದು ಸತ್ತ. ಇಷ್ಟನ್ನು ಇದ್ದ ಹಾಗೆ ಬರೆದರೆ ಸಾಕು.

1914ರ ಅಕ್ಟೋಬರಿನಲ್ಲಿ ಸೇನೆ ಸೇರುವ ಮೊದಲು ಬರೆದ ಒಂದು ಕವಿತೆಯನ್ನು ಈ ಶೋಕಗೀತೆಯ ಪಕ್ಕದಲ್ಲಿಟ್ಟು ಓದಿ. ಹಕ್ಕಿಗಳು ಎರಡರಲ್ಲೂ ಸಿಗುತ್ತವೆ. ಅವು ಮಾಡುವ ಕೆಲಸ ಹೇಗೆ ಬೇರೆ ಎಂಬುದರ ಮೇಲೆ ಲೇಖನ ಕಟ್ಟಿ, ಮತ್ತೆ ಕಳಿಸಿ. ಕಾಯುತ್ತೇನೆ.

ನಿಮ್ಮ,
ಸಂಪಾದಕ